ಓದಲು ಬಾರದ ಅಕ್ಷರವನ್ನು ಹುಡುಕುವುದು ಹೇಗೆ?

ಚೀನಾದ ಅಂಗಡಿಯೊಂದರ ಬೋರ್ಡಿನಲ್ಲಿ ಅಪರೂಪದ ಅಕ್ಷರವಿದೆ ಎನ್ನಿ. ‘ದನ’ವನ್ನು ಸೂಚಿಸುವ ಚಿಹ್ನೆ ಅದರಲ್ಲಿ ಮೂರು ಸಲ ಬಂದಿದೆ: ಮೇಲೊಂದು, ಕೆಳಗೆರಡು. ಅಂತರ್ಜಾಲದಲ್ಲಿ ಹುಡುಕೋಣವೆಂದರೆ ಟೈಪ್ ಮಾಡಬೇಕು, ಟೈಪ್ ಮಾಡಲು ಉಚ್ಚಾರ ಗೊತ್ತಿರಬೇಕು. ಗೊತ್ತಿಲ್ಲದಿರುವುದೇ ಅದು!

ಕನ್ನಡದಲ್ಲಿ ಅಕ್ಷರ ಕಂಡರೆ ಉಚ್ಚಾರ ಸಿಕ್ಕಂತೆ. ಚೀನೀ ಲಿಪಿ ಹಾಗಲ್ಲ. ಚೀನಾ ಸರ್ಕಾರ 2013ರಲ್ಲಿ ಹೊರಡಿಸಿದ ಅಧಿಕೃತ ಪಟ್ಟಿಯಲ್ಲೇ 8,105 ಅಕ್ಷರಗಳಿವೆ. ಅಷ್ಟೂ ಅಕ್ಷರಕ್ಕೆ ಕೀಲಿ ಎಲ್ಲಿಂದ ತರುವುದು? ಅದಕ್ಕೇ ಅಲ್ಲಿನ ಹೆಚ್ಚಿನವರು ಪಿನ್‌ಯಿನ್ ಬಳಸುತ್ತಾರೆ. ಇದು ಉಚ್ಚಾರವನ್ನು ರೋಮನ್ ಲಿಪಿಯಲ್ಲಿ ಬರೆಯುವ ಪದ್ಧತಿ, 1958ರಲ್ಲಿ ಜಾರಿಗೆ ಬಂತು. ನಾವು ಇಂಗ್ಲಿಷ್ ಕೀಲಿಗಳಲ್ಲಿ ಕನ್ನಡ ಮೂಡಿಸುವ ಹಾಗೆಯೇ ಕಂಡರೂ ಇಲ್ಲಿ ಕೆಲಸ ಅಲ್ಲಿಗೇ ಮುಗಿಯುವುದಿಲ್ಲ. ದನಿಯ ಏರಿಳಿತ ಬಿಟ್ಟರೆ ಚೀನಾದ ಅಧಿಕೃತ ಭಾಷೆಯಾದ ಮ್ಯಾಂಡರಿನ್‌ನಲ್ಲಿರುವುದು ಸುಮಾರು 400 ಉಚ್ಚಾರಾಂಶಗಳು ಮಾತ್ರ. ‘ಶಿ’ ಎಂದು ಹೊಡೆದರೆ ಹತ್ತು, ಕಲ್ಲು, ನಗರ, ಸಿಂಹ, ಕವಿತೆ ಎಲ್ಲವೂ ಸಾಲುಗಟ್ಟುತ್ತವೆ. ಬೇಕಾದ್ದನ್ನು ಆರಿಸಿಕೊಳ್ಳಬೇಕು.

ಉಚ್ಚಾರವೇ ತಿಳಿಯದಿದ್ದರೆ ತೆರೆಯ ಮೇಲೆ ಬೆರಳಿನಿಂದ ಬರೆಯಬಹುದು. 1983ರಲ್ಲಿ ವಾಂಗ್ ಯೊಂಗ್‌ಮಿನ್ ರೂಪಿಸಿದ ವೂಬಿ ಪದ್ಧತಿ ಅಕ್ಷರದ ಆಕಾರವನ್ನೇ ಕೀಲಿಗಳಿಗೆ ಹಂಚುತ್ತದೆ. ಆದರೆ ಕಲಿಯಲು ಶ್ರಮ ಬೇಕು. ಸೋಗೋ ಎಂಬ ಪಿನ್‌ಯಿನ್ ತಂತ್ರಾಂಶದಲ್ಲಿ ‘ಯು’ ಕೀಲಿ ಒತ್ತಿ, ದನ ಎಂಬರ್ಥದ ‘ನ್ಯೂ’ವನ್ನು ಮೂರು ಸಲ ಹೊಡೆದರೆ ಆ ಅಕ್ಷರ ಮೂಡುತ್ತದೆ. ಇವೆಲ್ಲಕ್ಕಿಂತ ನನಗೆ ಇಷ್ಟವಾದದ್ದು ಜನರೇ ಕಂಡುಕೊಂಡ ದಾರಿ: ‘ಮೂರು ದನ, ಓದುವುದು ಹೇಗೆ?’ ಎಂದು ಹುಡುಕುಯಂತ್ರವನ್ನೇ ನೇರವಾಗಿ ಕೇಳಿಬಿಡುವುದು. ಉತ್ತರ ಸಿಗುತ್ತದೆ: ‘ಬೆನ್’, ಅಂದರೆ ಓಟ. ಮೂರು ನೀರು ಸೇರಿದರೆ ‘ಮ್ಯಾವ್’, ಅಪಾರ ಜಲರಾಶಿ. ಮೂರು ಚಿನ್ನ ಸೇರಿದರೆ ‘ಶಿನ್’, ಸಮೃದ್ಧಿ. ಅಂಗಡಿಗಳ ಹೆಸರಲ್ಲಿ ಇದು ಬಹಳ.

ಹೀಗೆ ಕೇಳುವುದು ಚೀನಿಯರಿಗೆ ಸಹಜ. ಝಾಂಗ್ ಎಂಬ ಒಂದೇ ಉಚ್ಚಾರದ ಎರಡು ಕುಲನಾಮಗಳಿವೆ. ಹಾಗಾಗಿ ಪರಿಚಯ ಹೇಳಿಕೊಳ್ಳುವಾಗ ಒಬ್ಬರು ‘ಬಿಲ್ಲು, ಉದ್ದ ಸೇರಿದ ಝಾಂಗ್’ ಎನ್ನುತ್ತಾರೆ, ಇನ್ನೊಬ್ಬರು ‘ನಿಲ್ಲು, ಬೇಗ ಸೇರಿದ ಝಾಂಗ್’ ಎನ್ನುತ್ತಾರೆ. ಅಕ್ಷರವನ್ನು ಬಿಡಿಸಿ ಬಾಯಲ್ಲಿ ಹೇಳುವ ಆ ರೂಢಿಯೇ ಹುಡುಕಾಟಕ್ಕೂ ಬಂದಿದೆ.

ಇನ್ನು ಹುಡುಕುಯಂತ್ರದ ಪಾಡು. ಚೀನೀ ಬರಹದಲ್ಲಿ ಪದಗಳ ನಡುವೆ ಜಾಗ ಬಿಡುವುದಿಲ್ಲ. ‘ನಾನ್‌ಜಿಂಗ್ ನಗರದ ಯಾಂಗ್‌ಟ್ಸಿ ಮಹಾಸೇತುವೆ’ ಎಂಬ ಏಳು ಅಕ್ಷರಗಳನ್ನು ಬೇರೆ ಕಡೆ ತುಂಡರಿಸಿದರೆ ‘ನಾನ್‌ಜಿಂಗ್ ಮೇಯರ್ ಜಿಯಾಂಗ್ ದಾಚ್ಯಾವ್’ ಆಗುತ್ತದೆ! ಯಾವ ಜೋಡಣೆ ಹೆಚ್ಚು ಬಳಕೆಯಲ್ಲಿದೆ ಎಂದು ಲೆಕ್ಕ ಹಾಕಿ ಯಂತ್ರ ತೀರ್ಮಾನಿಸಬೇಕು. ಕನ್ನಡದ ತೊಡಕು ಇದಕ್ಕೆ ತದ್ವಿರುದ್ಧ. ನಮ್ಮ ಪದಗಳ ನಡುವೆ ಜಾಗವಿದೆ, ಆದರೆ ‘ಮನೆ’ ಹುಡುಕುವಾಗ ಮನೆಗೆ, ಮನೆಯಲ್ಲಿ, ಮನೆಯಿಂದ ಎಲ್ಲವೂ ಸಿಗಬೇಕು. ಚೀನೀ ಪದಕ್ಕೆ ವಿಭಕ್ತಿಯ ಕಾಟವಿಲ್ಲ.

ಕೆಲವೊಮ್ಮೆ ಅಕ್ಷರವೇ ಕಂಪ್ಯೂಟರಿನಲ್ಲಿ ಇರುವುದಿಲ್ಲ. 1980ರ ಚೀನೀ ಸಂಕೇತ ಮಾನಕದಲ್ಲಿ, ಅಂದರೆ ಕಂಪ್ಯೂಟರಿಗಾಗಿ ಪ್ರತಿ ಅಕ್ಷರಕ್ಕೂ ಒಂದು ಸಂಕೇತ ಗೊತ್ತುಮಾಡಿದ ಪಟ್ಟಿಯಲ್ಲಿ, ಇದ್ದದ್ದು 6,763 ಅಕ್ಷರ. 1998ರಿಂದ 2003ರವರೆಗೆ ಪ್ರಧಾನಿಯಾಗಿದ್ದ ಝೂ ರೊಂಗ್‌ಜಿ ಅವರ ಹೆಸರಿನ ‘ರೊಂಗ್’ ಅದರಲ್ಲಿರಲಿಲ್ಲ. ಲೋಹದ ಚಿಹ್ನೆಯ ಆ ಅಕ್ಷರದ ಬದಲು ಅದೇ ಉಚ್ಚಾರದ, ಬೆಂಕಿಯ ಚಿಹ್ನೆಯ ಇನ್ನೊಂದನ್ನು ಹಾಕಿದವರುಂಟು. ಹಾಗಾಗಿ ಹಳೆಯ ಡಿಜಿಟಲ್ ದಾಖಲೆಗಳಲ್ಲಿ ಅವರನ್ನು ಹುಡುಕುವವರು ಎರಡೂ ರೂಪಗಳನ್ನು ಹಾಕಿ ನೋಡುವುದು ಒಳ್ಳೆಯದು.