ಸಮವರ್ತಿ ಅಂದರೆ ಸಮಪಾಲಲ್ಲ

ಅಕ್ಕನ ಮಗಳು ಕೆಎಎಸ್ ಪರೀಕ್ಷೆಗೆ ಓದುತ್ತಿದ್ದಾಳೆ. ಮೊನ್ನೆ ಅವಳ ಗೈಡನ್ನು ಸುಮ್ನೆ ತಿರುವಿ ಹಾಕುತ್ತಿದ್ದೆ. ಒಂದು ಸಾಲಿಗೆ ಹಳದಿ ಬಣ್ಣ ಬಳಿದು ಗುರುತು ಮಾಡಿಕೊಂಡಿದ್ದಳು: "ಸಮವರ್ತಿ ಪಟ್ಟಿ: ಕೇಂದ್ರಕ್ಕೂ ರಾಜ್ಯಕ್ಕೂ ಸಮಾನ ಅಧಿಕಾರ ಇರುವ ವಿಷಯಗಳು." ಸಂವಿಧಾನದ ಏಳನೇ ಅನುಸೂಚಿ ಕಾನೂನು ಮಾಡುವ ವಿಷಯಗಳನ್ನು ಮೂರು ಪಟ್ಟಿಗಳಲ್ಲಿ ಹಂಚುತ್ತದೆ: ಕೇಂದ್ರ ಪಟ್ಟಿ, ರಾಜ್ಯ ಪಟ್ಟಿ, ಮತ್ತು ಇಬ್ಬರೂ ಕಾನೂನು ಮಾಡಬಹುದಾದ ಮೂರನೇ ಪಟ್ಟಿ, ಅದೇ ಸಮವರ್ತಿ ಪಟ್ಟಿ. ಅದೇ ವಾರ ಟಿವಿ ಚರ್ಚೆಯೊಂದರಲ್ಲಿ ಒಬ್ಬರು "ಶಿಕ್ಷಣ ಸಮವರ್ತಿ ಪಟ್ಟಿಯಲ್ಲಿದೆ, ಅರ್ಧ ಹಕ್ಕು ನಮ್ಮದು" ಎಂದು ಮೇಜು ಕುಟ್ಟಿ ಹೇಳಿದ್ದರು. ಪತ್ರಿಕೆಗಳ ವಾಚಕರ ಪತ್ರದಲ್ಲಂತೂ ಈ ಮಾತನ್ನು ವರ್ಷಗಳಿಂದ ನೋಡುತ್ತಿದ್ದೇನೆ. ಸಮಾನ ಅಧಿಕಾರವೂ ಇಲ್ಲ, ಅರ್ಧ ಹಕ್ಕೂ ಇಲ್ಲ. ಹಾಗೆಂದು ಹೇಳಿದಾಗ ಅವಳು ಕೇಳಿದಳು, "ಮಾಮ, ಸಮ ಅಂದ್ರೆ ಸಮಾನ ಅಲ್ವಾ?" ಪ್ರಶ್ನೆ ಸರಿಯಾಗಿಯೇ ಇತ್ತು. ತೊಡಕು ಪದದ ಒಳಗೇ ಇದೆ.

ಅದಕ್ಕೆ ಪದದಿಂದಲೇ ಶುರು ಮಾಡೋಣ.

'ವರ್ತಿ' ನಮಗೆ ಹೊಸದಲ್ಲ. ಮಧ್ಯವರ್ತಿ, ಸಹವರ್ತಿ, ಚಕ್ರವರ್ತಿ, ಎಲ್ಲದರ ಕೊನೆಗೂ ಇದೇ ಇದೆ. ಸಂಸ್ಕೃತದ 'ವೃತ್' ಎಂಬ ಧಾತುವಿನಿಂದ ಬಂದದ್ದು. ಇರು, ತಿರುಗು, ನಡೆ, ನಡೆದುಕೊಳ್ಳು, ಇಷ್ಟೂ ಅರ್ಥ ಅದಕ್ಕಿದೆ. ವರ್ತನೆ, ವರ್ತಮಾನ, ಪರಿವರ್ತನೆ ಎಲ್ಲ ಅದೇ ಕುಟುಂಬದವು. ನಡುವೆ ಇರುವವನು ಮಧ್ಯವರ್ತಿ. ಜೊತೆಗಿರುವವನು ಸಹವರ್ತಿ. ಸಮವರ್ತಿ ಎಂದರೆ ಎಲ್ಲರೊಂದಿಗೂ ಒಂದೇ ರೀತಿ ನಡೆದುಕೊಳ್ಳುವವನು.

ಈ ಕೊನೆಯ ಪದ ನಮ್ಮ ಸಂವಿಧಾನಕ್ಕಿಂತ ಎಷ್ಟೋ ಹಳೆಯದು. ಸಂಸ್ಕೃತದ ಹಳೆಯ ನಿಘಂಟು ಅಮರಕೋಶದಲ್ಲಿ ಒಂದು ಸಾಲಿದೆ: "ಧರ್ಮರಾಜಃ ಪಿತೃಪತಿಃ ಸಮವರ್ತೀ ಪರೇತರಾಟ್." ಇವೆಲ್ಲ ಯಮನ ಹೆಸರುಗಳು. ಅರಸನಿರಲಿ ಆಳಿರಲಿ, ಯಮನಿಗೆ ಎಲ್ಲರೂ ಒಂದೇ. ಅದಕ್ಕೇ ಅವನು ಸಮವರ್ತಿ. ಇಲ್ಲಿ ಒಂದು ವಿಷಯ ಗಮನಿಸಬೇಕು. 'ಸಮ' ಇರುವುದು ಯಮನ ನಡತೆಯಲ್ಲಿ. ಯಮನಿಗೂ ಇನ್ನೊಬ್ಬ ದೇವರಿಗೂ ಅಧಿಕಾರ ಸರಿಸಮ ಎಂದು ಆ ಪದ ಹೇಳುವುದಿಲ್ಲ. ಒಬ್ಬನ ಸ್ವಭಾವ ಹೇಳುವ ಪದ ಅದು, ಇಬ್ಬರ ಪಾಲು ಹೇಳುವ ಪದ ಅಲ್ಲ.

ಮುಂದೆ ಇದೇ ಪದವನ್ನು ತಂದು ಇಂಗ್ಲಿಷಿನ 'ಕಾನ್‌ಕರೆಂಟ್' ಎಂಬುದಕ್ಕೆ ಜೋಡಿಸಿದರು. ಹಿಂದಿಯಲ್ಲೂ ಇದೇ ಇದೆ. ಕಾನ್‌ಕರೆಂಟ್‌ನ ಮೂಲ ಲ್ಯಾಟಿನ್, ಅರ್ಥ 'ಜೊತೆಗೆ ಓಡುವುದು'. ನಮ್ಮ ಮನೆಯ ಕರೆಂಟಿನಲ್ಲೂ ಬಾಗಿಲಿಗೆ ಬರುವ ಕೊರಿಯರ್‌ನಲ್ಲೂ ಇರುವುದು ಅದೇ 'ಓಡು'. ಜೊತೆಗೆ ಓಡುವವರು ಸಮಬಲರೇ ಆಗಿರಬೇಕು ಎಂದೇನಿಲ್ಲ. ಒಬ್ಬ ಮುಂದೆ, ಒಬ್ಬ ಹಿಂದೆ ಇರಬಹುದು. ಮೂಲದಲ್ಲಿ ಇಲ್ಲದ ಸಮಾನತೆ ಕನ್ನಡದ 'ಸಮ'ದ ಮೂಲಕ ಒಳಗೆ ಸೇರಿಕೊಂಡಿತು. ಗೈಡ್ ಬರೆದವರು ಆ ಎರಡಕ್ಷರವನ್ನು ನಂಬಿ ವ್ಯಾಖ್ಯೆ ಬರೆದಿದ್ದಾರೆ, ಸಂವಿಧಾನ ತೆಗೆದು ನೋಡಿಲ್ಲ.

ಕೋರ್ಟಿನ ಸುದ್ದಿಯಲ್ಲಿ ಇದೇ ಕಾನ್‌ಕರೆಂಟನ್ನು ನಾವು ಸರಿಯಾಗಿಯೇ ಹೇಳುತ್ತೇವೆ. ಒಬ್ಬನಿಗೆ ಒಂದು ಅಪರಾಧಕ್ಕೆ 7 ವರ್ಷ, ಇನ್ನೊಂದಕ್ಕೆ 3 ವರ್ಷ ಜೈಲಾದರೆ "ಎರಡೂ ಶಿಕ್ಷೆಗಳನ್ನು ಏಕಕಾಲದಲ್ಲಿ ಅನುಭವಿಸಬೇಕು" ಎಂದು ಬರೆಯುತ್ತೇವೆ. ಅಲ್ಲಿ 7 ಮತ್ತು 3 ಸಮ ಎಂದು ಯಾರೂ ತಿಳಿಯುವುದಿಲ್ಲ. ಎರಡೂ ಜೊತೆಗೆ ಓಡುತ್ತವೆ, ದೊಡ್ಡದು ಎಷ್ಟು ವರ್ಷವೋ ಅಷ್ಟು ವರ್ಷ ಅವನು ಒಳಗಿರುತ್ತಾನೆ.

ನೆರೆಯವರಿಗೆ ಈ ತೊಂದರೆ ಇಲ್ಲ. ತಮಿಳರು 'ಪೊದು ಪಟ್ಟಿಯಲ್' ಅನ್ನುತ್ತಾರೆ, ಎಲ್ಲರಿಗೂ ಸೇರಿದ ಪಟ್ಟಿ. ತೆಲುಗರು 'ಉಮ್ಮಡಿ ಜಾಬಿತಾ' ಅನ್ನುತ್ತಾರೆ. ಉಮ್ಮಡಿ ಕುಟುಂಬ ಎಂದರೆ ನಮ್ಮ ಕೂಡು ಕುಟುಂಬ. ನನಗೆ ಬಹಳ ಹಿಡಿಸಿದ ಪದ ಅದು. ಕೂಡು ಕುಟುಂಬದಲ್ಲಿ ಎಲ್ಲರೂ ಗೇಯುತ್ತಾರೆ, ಎಲ್ಲರೂ ಉಣ್ಣುತ್ತಾರೆ, ಆದರೆ ಮಾತಿಗೆ ಮಾತು ಬಂದಾಗ ನಡೆಯುವುದು ಯಜಮಾನನ ಮಾತು. ನಮ್ಮ ಮೂರನೇ ಪಟ್ಟಿಯಲ್ಲಿ ಇರುವುದೂ ಇದೇ ವ್ಯವಸ್ಥೆ.

ಆ ಯಜಮಾನಿಕೆ ಇರುವುದು 254ನೇ ವಿಧಿಯಲ್ಲಿ. ಏಳನೇ ಅನುಸೂಚಿಯ ಮೂರು ಪಟ್ಟಿಗಳನ್ನು ಬಾಯಿಪಾಠ ಮಾಡುವವರು ಈ ವಿಧಿಯನ್ನು ಮಾತ್ರ ಬಿಟ್ಟುಬಿಡುತ್ತಾರೆ. ಒಂದೇ ವಿಷಯದ ಮೇಲೆ ಸಂಸತ್ತೂ ಕಾನೂನು ಮಾಡಿದೆ, ವಿಧಾನಸಭೆಯೂ ಮಾಡಿದೆ, ಎರಡಕ್ಕೂ ತಾಳೆ ಬೀಳುತ್ತಿಲ್ಲ ಎಂದಿಟ್ಟುಕೊಳ್ಳಿ. ಆಗ ನಿಲ್ಲುವುದು ಸಂಸತ್ತಿನ ಕಾನೂನು. ಅದು ಮೊದಲು ಬಂದಿತ್ತೋ ಆಮೇಲೆ ಬಂತೋ ಎಂಬುದು ಲೆಕ್ಕಕ್ಕಿಲ್ಲ. ರಾಜ್ಯದ ಕಾನೂನು ಪೂರ್ತಿ ಬಿದ್ದು ಹೋಗುವುದಿಲ್ಲ, ಎಷ್ಟು ಭಾಗ ಎದುರು ನಿಲ್ಲುತ್ತದೋ ಅಷ್ಟೇ ಬೀಳುತ್ತದೆ. ಇದನ್ನೂ ಜನ ತಪ್ಪು ಹೇಳುತ್ತಾರೆ.

ರಾಜ್ಯಕ್ಕೆ ಒಂದು ಬಾಗಿಲು ಇದೆ. ಮಸೂದೆಯನ್ನು ರಾಷ್ಟ್ರಪತಿಗೆ ಕಳಿಸಿ ಅಂಕಿತ ಹಾಕಿಸಿಕೊಂಡರೆ, ಆ ರಾಜ್ಯದ ಮಟ್ಟಿಗೆ ರಾಜ್ಯದ ಕಾನೂನೇ ನಡೆಯುತ್ತದೆ. ಆದರೆ ರಾಷ್ಟ್ರಪತಿ ನಡೆಯುವುದು ಕೇಂದ್ರ ಸಂಪುಟದ ಸಲಹೆಯಂತೆ. ಜೊತೆಗೆ, ಅಂಕಿತ ಬಿದ್ದ ಮೇಲೂ ಸಂಸತ್ತು ಮತ್ತೆ ಕಾನೂನು ಮಾಡಿ ಅದನ್ನು ಬದಲಿಸಬಹುದು, ತೆಗೆದೂ ಹಾಕಬಹುದು. ಇದರಲ್ಲಿ ಸಮಾನತೆ ಎಲ್ಲಿದೆ?

ಈ ಬಾಗಿಲು ತೆರೆದದ್ದನ್ನು ಕರಾವಳಿಯವರು ಕಣ್ಣಾರೆ ಕಂಡಿದ್ದಾರೆ. ಪ್ರಾಣಿಗಳಿಗೆ ಹಿಂಸೆ ತಡೆಯುವುದು ಸಮವರ್ತಿ ಪಟ್ಟಿಯ 17ನೇ ವಿಷಯ. ಅದರ ಮೇಲೆ ಸಂಸತ್ತಿನ ಕಾಯ್ದೆ 1960ರಲ್ಲೇ ಬಂದಿದೆ. ತಮಿಳುನಾಡು 2009ರಲ್ಲಿ ಜಲ್ಲಿಕಟ್ಟಿಗೆ ತನ್ನದೇ ಕಾಯ್ದೆ ಮಾಡಿತು, ರಾಷ್ಟ್ರಪತಿ ಅಂಕಿತ ಇರಲಿಲ್ಲ. 2014ರ ಮೇ 7ರಂದು ಸುಪ್ರೀಂ ಕೋರ್ಟ್, 1960ರ ಕಾಯ್ದೆಗೆ ಇದು ವಿರುದ್ಧ ಎಂದು 254ನೇ ವಿಧಿಯಡಿ ಅದನ್ನು ಹೊಡೆದು ಹಾಕಿತು. ಆ ತೀರ್ಪಿನ ಬಿಸಿ ನಮ್ಮ ಕೋಣಗಳ ಓಟಕ್ಕೂ ತಾಗಿತು. 2016ರ ನವೆಂಬರಿನಲ್ಲಿ, ಕಂಬಳದ ಕಾಲ ಶುರುವಾಗುವ ಹೊತ್ತಿಗೆ ಸರಿಯಾಗಿ, ಹೈಕೋರ್ಟ್ ತಡೆ ಕೊಟ್ಟಿತು. ಗದ್ದೆಯಲ್ಲಿ ಕರೆ (ಕೋಣ ಓಡುವ ಕೆಸರಿನ ಓಟದ ದಾರಿ) ಸಿದ್ಧವಿತ್ತು, ಕೊಬ್ಬಿದ ಕೋಣಗಳಿದ್ದವು, ಓಟ ಇರಲಿಲ್ಲ.

ಆಗ ಬೆಂಗಳೂರು ಮಾಡಿದ್ದೇನು? 2017ರಲ್ಲಿ 1960ರ ಕಾಯ್ದೆಗೇ ಕರ್ನಾಟಕದ ಮಟ್ಟಿಗೆ ತಿದ್ದುಪಡಿ ತಂದು ರಾಷ್ಟ್ರಪತಿಗೆ ಕಳಿಸಿತು. ಅಂಕಿತ ಬಿದ್ದದ್ದು 2018ರಲ್ಲಿ. ಅದನ್ನೂ ಕೋರ್ಟಿನಲ್ಲಿ ಪ್ರಶ್ನಿಸಿದರು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕ ಮೂರರ ತಿದ್ದುಪಡಿಗಳನ್ನೂ ಎತ್ತಿ ಹಿಡಿಯಿತು. 2009ರ ಕಾಯ್ದೆ ಬಿತ್ತು, 2017ರ ತಿದ್ದುಪಡಿ ನಿಂತಿತು. ಕೋರ್ಟ್ ನೋಡಿದ ಅಂಶ ಬೇರೆಯೂ ಇವೆ. ಆದರೆ ರಾಷ್ಟ್ರಪತಿಯ ಅಂಕಿತ ಇಲ್ಲದೆ ಹೋಗಿದ್ದರೆ ಮಾತು ಅಲ್ಲಿಯವರೆಗೆ ಹೋಗುತ್ತಲೇ ಇರಲಿಲ್ಲ.

ಜೋಡುಕರೆ ಕಂಬಳದಲ್ಲಿ ಎರಡು ಕರೆ ಪಕ್ಕಪಕ್ಕ ಇರುತ್ತವೆ, ಒಂದೊಂದು ಜೋಡಿ ಕೋಣಕ್ಕೆ ಒಂದೊಂದು. ಕೇಂದ್ರ ಪಟ್ಟಿ, ರಾಜ್ಯ ಪಟ್ಟಿ ಹಾಗೆ. ಸಮವರ್ತಿ ಪಟ್ಟಿ ಎಂದರೆ ಒಂದೇ ಕರೆಯಲ್ಲಿ ಎರಡು ಜೋಡಿ ಇಳಿಸಿದಂತೆ. ಯಾರು ಪಕ್ಕಕ್ಕೆ ಸರಿಯಬೇಕು ಎಂದು ಮೊದಲೇ ಬರೆದಿಡದೆ ಹಾಗೆ ಓಡಿಸಲು ಆಗುವುದಿಲ್ಲ.

ಬಾಗಿಲು ತೆರೆಯದೆ ಹೋದದ್ದಕ್ಕೂ ಉದಾಹರಣೆ ಇದೆ. ವೈದ್ಯಕೀಯ ಸೀಟಿಗೆ ದೇಶಕ್ಕೆಲ್ಲ ಒಂದೇ ಆಗಿರುವ ನೀಟ್ ಪರೀಕ್ಷೆ ಬೇಡ ಎಂದು ತಮಿಳುನಾಡು 2021ರಲ್ಲಿ ಮಸೂದೆ ಪಾಸು ಮಾಡಿತು. ರಾಜ್ಯಪಾಲರು ವಾಪಸ್ ಕಳಿಸಿದರು, ವಿಧಾನಸಭೆ 2022ರಲ್ಲಿ ಮತ್ತೆ ಪಾಸು ಮಾಡಿತು, ಮಸೂದೆ ದೆಹಲಿಗೆ ಹೋಯಿತು. ಒಪ್ಪಿಗೆ ಸಿಗಲಿಲ್ಲ ಎಂದು ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ 2025ರ ಏಪ್ರಿಲಿನಲ್ಲಿ ಸದನಕ್ಕೆ ತಿಳಿಸಿದರು. ನಮ್ಮ ವಿಧಾನಮಂಡಲವೂ 2024ರ ಜುಲೈನಲ್ಲಿ ನೀಟ್ ವಿರುದ್ಧ ನಿರ್ಣಯ ಮಾಡಿತು. ನಿರ್ಣಯ ಎಂದರೆ ಅಭಿಪ್ರಾಯ, ಅದರಿಂದ ಪರೀಕ್ಷೆ ನಿಲ್ಲುವುದಿಲ್ಲ. ಆ ದಿನ "ನೀಟ್ ರದ್ದು" ಎಂದು ಹಂಚಿಕೊಂಡವರನ್ನು ನಂಬಿ ಎಷ್ಟು ಮಕ್ಕಳು ಗಾಬರಿ ಬಿದ್ದರೋ.

ಶಿಕ್ಷಣದ ವಿಷಯದಲ್ಲಿ ನೋವಿನ ಇನ್ನೊಂದು ಸಂಗತಿ ಇದೆ. ಅದು ಮೊದಲು ರಾಜ್ಯ ಪಟ್ಟಿಯಲ್ಲೇ ಇತ್ತು, 11ನೇ ವಿಷಯವಾಗಿ. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರ 42ನೇ ತಿದ್ದುಪಡಿ ಅದನ್ನು ಅಲ್ಲಿಂದ ಎತ್ತಿ ಸಮವರ್ತಿ ಪಟ್ಟಿಗೆ ಹಾಕಿತು. ಕಾಡು, ಕಾಡುಪ್ರಾಣಿ ಮತ್ತು ಹಕ್ಕಿಗಳ ರಕ್ಷಣೆ, ತೂಕ ಮತ್ತು ಅಳತೆ, ಕೆಳಗಿನ ಕೋರ್ಟುಗಳ ವ್ಯವಸ್ಥೆ, ಇವೂ ಜೊತೆಗೇ ಹೋದವು. ಆ ತಿದ್ದುಪಡಿಗೆ ದಾರಿ ಹಾಕಿದ ಸ್ವರಣ್ ಸಿಂಗ್ ಸಮಿತಿ ಕೃಷಿಯನ್ನೂ ಸೇರಿಸಿ ಎಂದಿತ್ತು, ಅದೊಂದು ಆಗಲಿಲ್ಲ. ಪಟ್ಟಿ ಬದಲಾಯಿತು ಎಂದು ಪುಸ್ತಕಗಳು ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತವೆ. ಸಮವರ್ತಿ ಎಂದರೆ ಸಮಪಾಲು ಎಂದು ನಂಬಿದವರಿಗೆ ಅದು ರಾಜ್ಯದ ಆಸ್ತಿಯಲ್ಲಿ ಅರ್ಧ ಹೋದಂತೆ ಕಾಣುತ್ತದೆ. ನಿಜವಾಗಿ ಹೋದದ್ದು ಕೊನೆಯ ಮಾತು ಹೇಳುವ ಹಕ್ಕು. ಅರ್ಧಕ್ಕಿಂತ ಅದು ದೊಡ್ಡದು. ಪದದ ಅರ್ಥ ಕೆಟ್ಟರೆ ಸುಮ್ಮನಿರಲು ನನಗೆ ಆಗದಿರುವುದು ಇದಕ್ಕೇ.

ಕೃಷಿ ರಾಜ್ಯ ಪಟ್ಟಿಯಲ್ಲೇ ಉಳಿಯಿತಲ್ಲ, ಹಾಗಾದರೆ 2020ರಲ್ಲಿ ಸಂಸತ್ತು ಕೃಷಿ ಕಾಯ್ದೆಗಳನ್ನು ಹೇಗೆ ಮಾಡಿತು ಎಂದು ಅಕ್ಕನ ಮಗಳು ಕೇಳಿದಳು. ಸಮವರ್ತಿ ಪಟ್ಟಿಯ 33ನೇ ವಿಷಯ ಆಹಾರ ಪದಾರ್ಥಗಳ ವ್ಯಾಪಾರ. 1954ರ ಮೂರನೇ ತಿದ್ದುಪಡಿಯಲ್ಲಿ ಅದಕ್ಕೆ ಈಗಿನ ರೂಪ ಬಂತು. ಕೇಂದ್ರ ಆಧಾರ ಮಾಡಿಕೊಂಡದ್ದು ಅದನ್ನು. ಬೆಳೆಯುವುದು ರಾಜ್ಯದ್ದು, ಮಾರುವುದು ಇಬ್ಬರದ್ದು ಎಂಬ ವಾದ. ಕಾಯ್ದೆಗಳು 2021ರಲ್ಲಿ ವಾಪಸ್ ಹೋದವು.

ಇನ್ನೊಂದು ಮಾತು ಜಾಸ್ತಿ ಕೇಳಿಬರುತ್ತದೆ: "ಸಮವರ್ತಿ ಪಟ್ಟಿಯ ವಿಷಯ ಇದು, ರಾಜ್ಯಗಳನ್ನು ಕೇಳದೆ ಕೇಂದ್ರ ಕಾನೂನು ಮಾಡುವ ಹಾಗಿಲ್ಲ." ಕೇಳಬೇಕು ಎಂದು ಸಂವಿಧಾನದಲ್ಲಿ ಎಲ್ಲೂ ಬರೆದಿಲ್ಲ. ಕೇಳುವುದು ಒಳ್ಳೆಯದು ಎಂದು ಹೇಳಿದ್ದು ಕೇಂದ್ರ-ರಾಜ್ಯ ಸಂಬಂಧಗಳನ್ನು ಪರಿಶೀಲಿಸಿದ ಸರ್ಕಾರಿಯಾ ಆಯೋಗ. ಅದರ ಹಿನ್ನೆಲೆಯಲ್ಲಿ ಬೆಂಗಳೂರಿಗೂ ಪಾತ್ರ ಇದೆ. 1983ರ ಮಾರ್ಚಿನಲ್ಲಿ ಆಗಿನ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ದಕ್ಷಿಣದ ಮುಖ್ಯಮಂತ್ರಿಗಳನ್ನು ಇಲ್ಲಿಗೆ ಕರೆದು ಸಭೆ ನಡೆಸಿದರು. ಅದೇ ತಿಂಗಳು ಇಂದಿರಾ ಗಾಂಧಿ ಆಯೋಗವನ್ನು ಘೋಷಿಸಿದರು. 1988ರಲ್ಲಿ ಹೊರಬಂದ ವರದಿ, ಸಮವರ್ತಿ ವಿಷಯಗಳಲ್ಲಿ ಕಾನೂನು ಮಾಡುವ ಮೊದಲು ರಾಜ್ಯಗಳ ಜೊತೆ ಮಾತಾಡುವುದು ರೂಢಿಯಾಗಬೇಕು ಎಂದಿತು. ಶಿಫಾರಸು ಶಿಫಾರಸಾಗಿಯೇ ಉಳಿದಿದೆ.

ಕಾನೂನು ಮಾಡುವುದು ಬೇರೆ, ಜಾರಿ ಮಾಡುವುದು ಬೇರೆ ಎಂಬುದನ್ನೂ ಇಲ್ಲಿ ಕಲಸಬಾರದು. 73ನೇ ವಿಧಿಯ ಪ್ರಕಾರ, ಸಂವಿಧಾನವೋ ಸಂಸತ್ತಿನ ಕಾನೂನೋ ಬೇರೆ ರೀತಿ ಹೇಳದ ಹೊರತು, ಸಮವರ್ತಿ ವಿಷಯಗಳಲ್ಲಿ ಆಡಳಿತ ನಡೆಸುವುದು ರಾಜ್ಯವೇ. ಮಲೆನಾಡಿನವರಿಗೆ ಇದು ದಿನನಿತ್ಯದ ಅನುಭವ. ಅರಣ್ಯ ಇಲಾಖೆ ರಾಜ್ಯದ್ದು, ಗಾರ್ಡ್‌ಗೆ ಸಂಬಳ ಕೊಡುವುದು ರಾಜ್ಯ. ಆದರೆ ಕಾಡಿನ ಜಾಗವನ್ನು ಬೇರೆ ಕೆಲಸಕ್ಕೆ ಬಳಸಬೇಕಾದರೆ 1980ರ ಸಂಸತ್ತಿನ ಕಾಯ್ದೆಯ ಪ್ರಕಾರ ಕೇಂದ್ರದ ಅನುಮತಿ ಮೊದಲೇ ಬೇಕು. ಬೈಯಿಸಿಕೊಳ್ಳುವುದು ಎದುರಿಗೆ ಸಿಗುವ ಗಾರ್ಡ್. ಪೊಲೀಸರದ್ದೂ ಇದೇ ಕಥೆ. ಪೊಲೀಸ್ ರಾಜ್ಯ ಪಟ್ಟಿಯಲ್ಲಿದೆ, ಅವರು ಎಫ್‌ಐಆರ್‌ನಲ್ಲಿ ಬರೆಯುವ ಅಪರಾಧದ ಕಾನೂನು ಸಮವರ್ತಿ ಪಟ್ಟಿಯಲ್ಲಿದೆ. 2024ರ ಜುಲೈ 1ರಿಂದ ಠಾಣೆಗಳಲ್ಲಿ ಸೆಕ್ಷನ್ ನಂಬರುಗಳೆಲ್ಲ ಬದಲಾದದ್ದು ಸಂಸತ್ತು ಮಾಡಿದ ಹೊಸ ಅಪರಾಧ ಕಾನೂನುಗಳಿಂದ.

ಒಂದು ಕಾನೂನಿನ ಹಿಂದೆ ಏನಾಗಿದೆ ಎಂದು ತಿಳಿಯಲು ಸುಲಭದ ದಾರಿ ಅಕ್ಕನ ಮಗಳಿಗೆ ತೋರಿಸಿದೆ. ಕರ್ನಾಟಕದ ಯಾವುದೇ ಕಾಯ್ದೆಯ ಮೊದಲ ಪುಟ ತೆಗೆಯಿರಿ. ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ, ರಾಜ್ಯಪತ್ರದಲ್ಲಿ ಪ್ರಕಟವಾದ ದಿನ ಮತ್ತು ಒಪ್ಪಿಗೆ ಸಿಕ್ಕ ದಿನ ಇರುತ್ತದೆ. ಸಾಮಾನ್ಯವಾಗಿ ಒಪ್ಪಿಗೆ ರಾಜ್ಯಪಾಲರದ್ದು. ಅಲ್ಲಿ ರಾಷ್ಟ್ರಪತಿ ಎಂದಿದ್ದರೆ ಮಸೂದೆ ದೆಹಲಿಗೆ ಹೋಗಿ ಬಂದಿದೆ ಎಂದರ್ಥ. ಹೆಚ್ಚಿನ ಸಲ ಕಾರಣ 254ನೇ ವಿಧಿ.

ಕೊನೆಗೆ ಜಿಎಸ್‌ಟಿ. "ಜಿಎಸ್‌ಟಿ ಬಂದ ಮೇಲೆ ತೆರಿಗೆ ಸಮವರ್ತಿ ಪಟ್ಟಿಗೆ ಹೋಯಿತು" ಎಂದು ಆ ಗೈಡಿನ ಇನ್ನೊಂದು ಪುಟದಲ್ಲಿದೆ. ಹೋಗಿಲ್ಲ. 2016ರ 101ನೇ ತಿದ್ದುಪಡಿ ಅದಕ್ಕೆಂದೇ 246ಎ ಎಂಬ ಬೇರೆ ವಿಧಿ ಮಾಡಿತು. ಸಂಸತ್ತಿಗೂ ವಿಧಾನಸಭೆಗಳಿಗೂ ಅಧಿಕಾರ ಅಲ್ಲಿಂದಲೇ ನೇರವಾಗಿ ಬರುತ್ತದೆ. ಎರಡು ಕಾನೂನು ಡಿಕ್ಕಿ ಹೊಡೆದರೆ ಯಾವುದು ಮೇಲು ಎಂದು ಹೇಳುವ ಸಾಲು ಅದರಲ್ಲಿ ಇಲ್ಲ, 2022ರ ಮೇ 19ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟೂ ಇದನ್ನು ಗುರುತಿಸಿದೆ. ಕಾನೂನು ಮಾಡುವ ಮಟ್ಟಿಗೆ ಇಬ್ಬರನ್ನೂ ಸರಿಸಮ ನಿಲ್ಲಿಸಿದ ವಿಧಿ ಬೇಕೆಂದರೆ ಅದನ್ನು ತೋರಿಸಬಹುದು. ಸಮವರ್ತಿ ಪಟ್ಟಿಯ 47 ನಂಬರುಗಳಲ್ಲಿ ಜಿಎಸ್‌ಟಿಯನ್ನು ಹುಡುಕಿದರೆ ಸಿಗುವುದಿಲ್ಲ.