ವಾಸಿಯಾದವರೇ ವಾರ್ಡಿಗೆ ಬಂದಾಗ

ಮನೋರೋಗ ವಿಭಾಗದ ಹೊರಗಿನ ಬೆಂಚಿನಲ್ಲಿ ಕೂತವರಿಗೆ ಇದು ಗೊತ್ತು. ಡಾಕ್ಟರ ಮುಂದೆ ಬಾಯಿಗೆ ಬಾರದ ಮಾತು ಪಕ್ಕದವರ ಹತ್ತಿರ ಬಂದುಬಿಡುತ್ತದೆ. 'ಈ ಮಾತ್ರೆ ತಗೊಂಡ್ರೆ ಬೆಳಿಗ್ಗೆ ಏಳೋಕೇ ಆಗಲ್ಲ' ಅಂದರೆ, 'ನನಗೂ ಹಾಗೇ ಆಗ್ತಿತ್ತು, ಸುಮ್ನೆ ನಿಲ್ಲಿಸಬೇಡಿ, ಒಳಗೆ ಹೋದಾಗ ಹೇಳಿ' ಅನ್ನುತ್ತಾರೆ. ಎಷ್ಟು ಧೈರ್ಯ ಬರುತ್ತದೆ, ಅಲ್ವಾ? ಕಾಯಿಲೆ ಅನುಭವಿಸಿದವರೇ ಇನ್ನೊಬ್ಬ ರೋಗಿಗೆ ಆಸರೆಯಾಗುವ ಈ ಮಾತುಕತೆಗೆ ಈಗ ಪೀರ್ ಸಪೋರ್ಟ್ ಎಂಬ ಹೆಸರಿದೆ, ತರಬೇತಿ ಇದೆ, ಕೆಲವು ದೇಶಗಳಲ್ಲಿ ಸಂಬಳವೂ ಇದೆ.

1793ರಲ್ಲಿ ಫಿಲಿಪ್ ಪಿನೆಲ್ ಪ್ಯಾರಿಸ್ಸಿನ ಬಿಸೆತ್ರ್ ಆಸ್ಪತ್ರೆಗೆ ವೈದ್ಯರಾಗಿ ಬಂದರು. ಅಲ್ಲಿ ಮನೋರೋಗಿಗಳ ವಾರ್ಡು ನೋಡಿಕೊಳ್ಳುತ್ತಿದ್ದವರು ಜಾನ್ ಬ್ಯಾಪ್ಟಿಸ್ಟ್ ಪುಸ್ಸಾಂ. ಮೊದಲು ತೊಗಲು ಹದ ಮಾಡುತ್ತಿದ್ದವರು. ಗಂಡಮಾಲೆ ಕಾಯಿಲೆಗೆ ಅದೇ ಆಸ್ಪತ್ರೆ ಸೇರಿ, ವಾಸಿಯಾದ ಮೇಲೆ ಅಲ್ಲೇ ಉಳಿದರು. ಅವರದು ಮನಸ್ಸಿನ ಕಾಯಿಲೆಯಲ್ಲ, ನಿಜ. ಆದರೆ ಹಾಸಿಗೆ ಹಿಡಿದವರ ಪಾಡು ಗೊತ್ತಿತ್ತು. ವಾರ್ಡಿನ ಕೆಲಸಕ್ಕೆ ಅವರು ಚೇತರಿಸಿಕೊಂಡ ರೋಗಿಗಳನ್ನೇ ಆರಿಸಿಕೊಂಡರು. ರೋಗಿಗಳಿಗೆ ಹೊಡೆಯಬಾರದು ಅಂತ ಕಟ್ಟಪ್ಪಣೆ ಮಾಡಿದರು. 1797ರಲ್ಲಿ ಅಲ್ಲಿನ ರೋಗಿಗಳಿಗೆ ಹಾಕಿದ್ದ ಸರಪಳಿ ಬಿಚ್ಚಿಸಿದ್ದೂ ಅವರೇ. ಆ ಹೊತ್ತಿಗೆ ಪಿನೆಲ್ ಬೇರೆ ಆಸ್ಪತ್ರೆಗೆ ಹೋಗಿಯಾಗಿತ್ತು. ಆದರೂ ಜನ ನೆನಪಿಟ್ಟುಕೊಂಡಿದ್ದು ಪಿನೆಲ್ ಹೆಸರನ್ನು. ನನಗೆ ಇದು ಇವತ್ತಿಗೂ ಬೇಜಾರಿನ ಸಂಗತಿ.

ಆಮೇಲೆ ಆಸ್ಪತ್ರೆಗಳು ದೊಡ್ಡವಾದವು, ರೋಗಿಯ ಮಾತು ಸಣ್ಣದಾಯಿತು. 1940ರ ದಶಕದಲ್ಲಿ ನ್ಯೂಯಾರ್ಕಿನ ರಾಕ್‌ಲ್ಯಾಂಡ್ ಮನೋರೋಗ ಆಸ್ಪತ್ರೆಯಿಂದ ಹೊರಬಂದ ಕೆಲವರು ನಗರದ ಸಾರ್ವಜನಿಕ ಗ್ರಂಥಾಲಯದ ಮೆಟ್ಟಿಲ ಮೇಲೆ ಸೇರತೊಡಗಿದರು. 'ನಾವು ಒಂಟಿಯಲ್ಲ' ಅಂತ ಗುಂಪಿಗೆ ಹೆಸರಿಟ್ಟುಕೊಂಡರು. 1948ರಲ್ಲಿ ಅದರಿಂದಲೇ ಫೌಂಟನ್ ಹೌಸ್ ಹುಟ್ಟಿತು, ಮನಸ್ಸಿನ ಕಾಯಿಲೆಯವರು ಒಟ್ಟಿಗೆ ಸೇರಿ ಒಬ್ಬರಿಗೊಬ್ಬರು ನೆರವಾಗುವ ಮನೆ. 1999ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯ ಹೀಗೆ ಕಾಯಿಲೆ ಅನುಭವಿಸಿ ಬೇರೆ ರೋಗಿಗಳಿಗೆ ನೆರವಾಗುವವರ ಕೆಲಸಕ್ಕೆ ಸರ್ಕಾರಿ ಆರೋಗ್ಯ ವಿಮೆಯಿಂದಲೇ ಹಣ ಕೊಡತೊಡಗಿತು.

ನಮ್ಮಲ್ಲಿ ಕಣ್ಣು ತೆರೆಸಿದ್ದು ಬೆಂಕಿ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮನೋರೋಗಿಗಳನ್ನು ಇಟ್ಟಿದ್ದ ಜಾಗಕ್ಕೆ ಬೆಂಕಿ ಬಿದ್ದು 28 ಜನ ಸುಟ್ಟು ಸತ್ತರು. ಸರಪಳಿ ಇದ್ದದ್ದರಿಂದ ಓಡಲಾಗಲಿಲ್ಲ. ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸಿತು. ರೋಗಿಗಳ ಹಕ್ಕು ನೋಡಿಕೊಳ್ಳುವ ಪರಿಶೀಲನಾ ಮಂಡಳಿಯಲ್ಲಿ ಕಾಯಿಲೆ ಅನುಭವಿಸಿದವರಿಗೆ, ಅವರನ್ನು ನೋಡಿಕೊಳ್ಳುವವರಿಗೆ ಜಾಗ ಕೊಟ್ಟಿತು. ಗುಜರಾತಿನ ಕೆಲವು ಸರ್ಕಾರಿ ಆಸ್ಪತ್ರೆಗಳು ಅದಕ್ಕೂ ಮೊದಲೇ ಇಂಥ ಜೊತೆಗಾರರನ್ನು ಸೇರಿಸಿಕೊಂಡಿದ್ದವು.

ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಮ್ಮ ಬಳ್ಳಾರಿ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಅಲ್ಲಿ ಹಳ್ಳಿ ಆಸ್ಪತ್ರೆಯ ಡಾಕ್ಟರಿಗೂ ಆರೋಗ್ಯ ಕಾರ್ಯಕರ್ತೆಯರಿಗೂ ಕಲಿಸಿದರು. ಬೆಂಚಿನಲ್ಲಿ ಕೂತು ಧೈರ್ಯ ಹೇಳುವವರಿಗೂ ಹಾಗೇ ಕಲಿಸಿ, ಸಂಬಳ ಕೊಟ್ಟು, ಆ ತಂಡಕ್ಕೆ ಸೇರಿಸಬೇಕು. ಬಳ್ಳಾರಿಯಿಂದಲೇ ಶುರುವಾಗಲಿ.