ಮಾನಿಟರ್ ಮೂಲೆಯ ನೇರಳೆ ಕಲೆಗೂ ವಾಸ್ತುವಿಗೂ ಏನು ಸಂಬಂಧ?

ಹಳೇ ಡಬ್ಬಾ ಮಾನಿಟರ್ ಮೂಲೆಯಲ್ಲಿ ನೇರಳೆಯೋ ಹಸಿರೋ ಕಲೆ ಕಂಡರೆ ಸಾಕು, ‘ಟ್ಯೂಬ್ ಹೋಯ್ತು, ಗುಜರಿಗೆ ಹಾಕಿ’ ಅನ್ನುವವರೇ ಜಾಸ್ತಿ. ಇನ್ನು ಕೆಲವರು ಅದನ್ನು ಪೂರ್ವಕ್ಕೆ ತಿರುಗಿಸುತ್ತಾರೆ. ಬಣ್ಣ ಚೂರು ಬದಲಾಗುತ್ತದೆ. ನೋಡಿದ್ರಾ, ವಾಸ್ತು!

ಬದಲಾಗುವುದು ನಿಜ, ಆದರೆ ಅದು ಭೂಮಿಯ ಕಾಂತಕ್ಷೇತ್ರದ ಕೆಲಸ. ಕಾಂತೀಯ ಸಮಭಾಜಕ ರೇಖೆ ಹಾದುಹೋಗುವುದು ತಿರುವನಂತಪುರದ ಹತ್ತಿರ. 1963ರಲ್ಲಿ ಅಲ್ಲಿನ ತುಂಬಾ ಅನ್ನುವ ಮೀನುಗಾರರ ಹಳ್ಳಿಯಿಂದ ರಾಕೆಟ್ ಹಾರಿಸಿದ್ದೂ ಆ ಗೆರೆಗಾಗಿಯೇ. ಬೆಂಗಳೂರು ಅದಕ್ಕೆ ಅಷ್ಟೇನೂ ದೂರವಿಲ್ಲ, ಹಾಗಾಗಿ ಇಲ್ಲಿ ಕಾಂತಕ್ಷೇತ್ರ ಹೆಚ್ಚುಕಡಿಮೆ ನೆಲಕ್ಕೆ ಮಲಗಿಕೊಂಡು ಉತ್ತರಕ್ಕೆ ಹೋಗುತ್ತದೆ. ಮಾನಿಟರ್ ತಿರುಗಿಸಿದರೆ, ಪರದೆ ಮೇಲೆ ಚಿತ್ರ ಮೂಡಿಸುವ ಎಲೆಕ್ಟ್ರಾನ್ ಕಿರಣಕ್ಕೆ ಅದು ತಾಗುವ ದಿಕ್ಕೂ ತಿರುಗುತ್ತದೆ, ಅಷ್ಟೆ.

ಗಾಜಿನ ಹಿಂದೆ ಸಣ್ಣ ತೂತುಗಳ ತೆಳು ಉಕ್ಕಿನ ಹಾಳೆ ಇರುತ್ತದೆ, ಶ್ಯಾಡೋ ಮಾಸ್ಕ್. ಕೆಂಪಿನ ಕಿರಣ ಪರದೆಯ ಕೆಂಪು ಚುಕ್ಕೆಗೇ ಬೀಳಲಿ ಅಂತ. ಪಕ್ಕದಲ್ಲಿ ಸ್ಪೀಕರ್ ಇಟ್ಟರೆ ಆ ಉಕ್ಕೇ ಅಯಸ್ಕಾಂತವಾಗಿ ಕಿರಣ ದಾರಿ ತಪ್ಪುತ್ತದೆ. ಪೂರ್ತಿ ಕೆಂಪು ಪರದೆ ಹಾಕಿ ನೋಡಿ, ಕಲೆ ಎಲ್ಲೆಲ್ಲಿದೆ ಅಂತ ಥಟ್ಟನೆ ಗೊತ್ತಾಗುತ್ತದೆ.

ಇದಕ್ಕೆ ಮದ್ದು ಒಳಗೇ ಇದೆ. ಆನ್ ಮಾಡಿದಾಗ ‘ಡುಂಯ್’ ಅಂತ ಸದ್ದು ಬರುತ್ತಿತ್ತಲ್ವಾ, ಅದು ಟ್ಯೂಬಿಗೆ ಸುತ್ತಿದ ಡಿಗಾಸ್ ಕಾಯಿಲ್, ಅಂದರೆ ಕಾಂತತೆ ಅಳಿಸುವ ತಂತಿ ಸುರುಳಿ. ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಹೋಗುತ್ತಾ ಮಾಸ್ಕಿನ ಕಾಂತತೆಯನ್ನು ಆಚೆ ಈಚೆ ತಿರುಗಿಸುತ್ತದೆ. ಅದಕ್ಕೆ ಜೋಡಿಸಿದ ಪಿಟಿಸಿ ಅನ್ನುವ ಪುಟ್ಟ ಬಿಡಿಭಾಗ ಬಿಸಿಯಾದಂತೆ ಅಡ್ಡಗಾಲು ಹಾಕಿ ಕರೆಂಟು ಇಳಿಸುತ್ತದೆ, ಜೋಕಾಲಿ ತೂಗಿ ತೂಗಿ ನಡುವೆ ಬಂದು ನಿಂತ ಹಾಗೆ ಕಾಂತತೆಯೂ ತಣ್ಣಗಾಗುತ್ತದೆ. ಮೆಲ್ಲಗೆ ಇಳಿಯುವುದೇ ಇದರ ಗುಟ್ಟು! ಫಕ್ಕನೆ ನಿಲ್ಲಿಸಿದರೆ ಕೊನೆಯ ಏಟಿನ ಗುರುತು ಮಾಸ್ಕಲ್ಲೇ ಉಳಿಯುತ್ತದೆ. ಅದಕ್ಕೇ ರಿಪೇರಿಯವರು ಬಳೆಯಂಥ ಕಾಯಿಲನ್ನು ಪರದೆ ಮುಂದೆ ಸುತ್ತಿಸಿ, ದೂರ ಸರಿದು, ಆಮೇಲೆ ಸ್ವಿಚ್ ಆಫ್ ಮಾಡುವುದು.

ಸದ್ದೇ ಬರದಿದ್ದರೆ ಮೊದಲ ಅನುಮಾನ ಪಿಟಿಸಿ ಮೇಲೆ. ಬೆಂಗಳೂರಿನ ಎಸ್.ಪಿ. ರೋಡಿನ ಹಳೇ ಅಂಗಡಿಗಳಲ್ಲಿ ವಿಚಾರಿಸಿ. ಸದ್ದು ಬಂದೂ ಕಲೆ ಹೋಗದಿದ್ದರೆ ಡಿಗಾಸ್ ಬಟನ್ ಸುಮ್ನೆ ಒತ್ತುತ್ತಾ ಕೂರಬೇಡಿ, ಪಿಟಿಸಿ ಆರಲು ಸ್ವಲ್ಪ ಹೊತ್ತು ಬೇಕು. ಬಿದ್ದು ಪೆಟ್ಟಾದ ಮಾನಿಟರ್‌ನಲ್ಲಿ ಮಾತ್ರ ಮಾಸ್ಕೇ ಸೊಟ್ಟಗಾಗಿರಬಹುದು, ಆಗ ಗುಜರಿಯೇ ಗತಿ.

ಮುಚ್ಚಳ ಬಿಚ್ಚುವ ಕೆಲಸ ಮಾತ್ರ ಗೊತ್ತಿರುವವರಿಗೇ ಬಿಡಿ. ಒಳಗೆ ಸುಮಾರು 25,000 ವೋಲ್ಟ್ ಓಡುತ್ತದೆ, ಪ್ಲಗ್ ಕಿತ್ತ ಮೇಲೂ ಟ್ಯೂಬು ಅದನ್ನು ಹಿಡಿದಿಟ್ಟುಕೊಂಡಿರುತ್ತದೆ.